ಮರುಪಂದ್ಯ ಯಾರಿಗೆ ಸಿಗುತ್ತದೆ? ವೆಂಬ್ಲಿಯ ಹೆವಿವೇಯ್ಟ್ ಜಗಳ ಮತ್ತು ತೋರಣಗಲ್ಲಿನಲ್ಲಿ ಪಳಗಿದ ಬಾಕ್ಸರ್

2025ರ ಜುಲೈ 19ರ ಶನಿವಾರ ರಾತ್ರಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಮತ್ತು ಬ್ರಿಟನ್ನಿನ ಡೇನಿಯಲ್ ಡುಬ್ವಾ ಎರಡನೇ ಸಲ ಎದುರಾದರು. ನಮ್ಮ ಗಡಿಯಾರದ ಪ್ರಕಾರ ಅದು ಭಾನುವಾರದ ನಸುಕು. ಗೆದ್ದವನು ಹೆವಿವೇಯ್ಟ್ ಬಾಕ್ಸಿಂಗ್‌ನ ನಾಲ್ಕೂ ಪ್ರಮುಖ ಬೆಲ್ಟ್‌ಗಳ ಒಡೆಯ. ಆಗ ಉಸಿಕ್‌ಗೆ 38 ವರ್ಷ, ಅಲ್ಲಿಯವರೆಗೆ ಆಡಿದ 23 ವೃತ್ತಿಪರ ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಡುಬ್ವಾಗೆ ಆಗ 27 ವರ್ಷ, 22 ಗೆಲುವು, ಅದರಲ್ಲಿ 21 ನಾಕೌಟ್, ಎರಡು ಸೋಲು. ಆ ಎರಡರಲ್ಲಿ ಒಂದು ಇದೇ ಉಸಿಕ್ ಕೈಲಿ.

ಅಭಿಮಾನಿಗಳ ಜಗಳ ಮಾತ್ರ ಈ ಅಂಕಿಗಳ ಮೇಲೆ ನಡೆಯುತ್ತಿರಲಿಲ್ಲ. ಅದು ನಡೀತಿದ್ದದ್ದು ಅದಕ್ಕೂ ಎರಡು ವರ್ಷದ ಹಿಂದಿನ ಒಂದು ಏಟಿನ ಮೇಲೆ. ಆ ಏಟು ಸೊಂಟದ ಬೆಲ್ಟಿನ ಮೇಲೆ ಬಿತ್ತಾ, ಕೆಳಗೆ ಬಿತ್ತಾ? ಮೇಲೆ ಬಿದ್ದಿದ್ದರೆ ಡುಬ್ವಾ ಅವತ್ತೇ ಚಾಂಪಿಯನ್ ಆಗುತ್ತಿದ್ದ ಅಂತ ಒಂದು ಗುಂಪು. ಕೆಳಗೇ ಬಿದ್ದಿದ್ದು, ಸುಮ್ಮನಿರಿ ಅಂತ ಇನ್ನೊಂದು ಗುಂಪು.

ಬಳ್ಳಾರಿಯಲ್ಲಿ ಕೂತವರಿಗೆ ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಬೇಕು. ಯಾಕೆಂದರೆ ನಮ್ಮ ಜಿಲ್ಲೆಯ ತೋರಣಗಲ್ಲಿನ ಪಕ್ಕದಲ್ಲೇ ಪಳಗಿದ ಒಬ್ಬ ಬಾಕ್ಸರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಇಂಥದ್ದೇ ಒಂದು ತೀರ್ಪಿನಿಂದ ಒಲಿಂಪಿಕ್ ಪದಕ ಕಳೆದುಕೊಂಡ. ಅದೂ ಒಂದು ಮರುಪಂದ್ಯವೇ ಆಗಿತ್ತು. ಡುಬ್ವಾಗೆ ಎರಡು ವರ್ಷದಲ್ಲಿ ಎರಡನೇ ಅವಕಾಶ ಸಿಕ್ಕಿತು. ನಿಶಾಂತ್ ದೇವ್‌ಗೆ ಸಿಕ್ಕಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಬಾಕ್ಸಿಂಗ್ ಅನ್ನೋ ಆಟದ ಅರ್ಧ ತಿಳಿದ ಹಾಗೆ.

ಒಂದು ಏಟು, ಎರಡು ಲೆಕ್ಕ

ಮೊದಲು ಆ ಏಟಿನ ಕತೆ. 2023ರ ಆಗಸ್ಟ್ 26, ಪೋಲೆಂಡಿನ ವ್ರೊಟ್ಸ್ವಾಫ್ ನಗರ. ನಾಲ್ಕು ಸುತ್ತು ಉಸಿಕ್‌ನದೇ ಆಟ. ಐದನೇ ಸುತ್ತಿನಲ್ಲಿ ಡುಬ್ವಾ ಬಲಗೈ ಬೀಸಿದ. ಅದು ಉಸಿಕ್ ಸೊಂಟಪಟ್ಟಿಯ ಹತ್ತಿರ ಬಿತ್ತು. ಉಸಿಕ್ ನೆಲಕ್ಕೆ ಬಿದ್ದು ಮುಖ ಕಿವುಚಿದ. ಪೋರ್ಟೊರಿಕೊದ ರೆಫರಿ ಲೂಯಿಸ್ ಪಬೋನ್ ತಕ್ಷಣ ಕೈ ಮಾಡಿ ಅದು ನಿಯಮಬಾಹಿರ ಏಟು ಅಂದರು.

ಇಲ್ಲಿ ನಿಯಮ ತಿಳಿದಿರಬೇಕು. ಬಾಕ್ಸಿಂಗ್‌ನಲ್ಲಿ ಹೊಕ್ಕಳಿನಿಂದ ಸೊಂಟದ ಎಲುಬಿನ ಮೇಲ್ತುದಿಯವರೆಗೆ ಒಂದು ಕಾಲ್ಪನಿಕ ಗೆರೆ ಇದೆ. ಅದರ ಕೆಳಗೆ ಹೊಡೆದರೆ ತಪ್ಪು. ಚಡ್ಡಿಯನ್ನು ಎಷ್ಟು ಮೇಲೆ ಎಳೆದುಕೊಂಡಿದ್ದಾನೆ ಅನ್ನೋದು ಲೆಕ್ಕಕ್ಕಿಲ್ಲ, ಮೈಯ ಗೆರೆಯೇ ಗೆರೆ. ತಪ್ಪು ಏಟು ಬಿದ್ದರೆ ತಿಂದವನಿಗೆ ಸುಧಾರಿಸಿಕೊಳ್ಳಲು ಐದು ನಿಮಿಷದವರೆಗೆ ಸಮಯ ಸಿಗುತ್ತದೆ. ಏಟು ಸರಿಯಾದದ್ದೇ ಅಂತ ರೆಫರಿ ಅಂದರೆ ಬಿದ್ದವನಿಗೆ ಸಿಗೋದು ಹತ್ತು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಏಳದಿದ್ದರೆ ಆಟ ಮುಗೀತು.

ಅಂದರೆ ಒಂದೇ ಏಟಿಗೆ ಎರಡು ಬೆಲೆ. ರೆಫರಿ ಒಂದು ಮಾತು ಅಂದರೆ ಹತ್ತು ಸೆಕೆಂಡು, ಇನ್ನೊಂದು ಅಂದರೆ ಐದು ನಿಮಿಷ. ಉಸಿಕ್ ಅವತ್ತು ತೆಗೆದುಕೊಂಡಿದ್ದು ನಾಲ್ಕು ನಿಮಿಷದ ಹತ್ತಿರ. ಆಮೇಲೆ ಎದ್ದು ಬಂದು ಆಡಿದ, ಎಂಟನೇ ಸುತ್ತಿನಲ್ಲಿ ಡುಬ್ವಾನನ್ನು ಬೀಳಿಸಿದ, ಒಂಬತ್ತನೇ ಸುತ್ತಿನಲ್ಲಿ ಮುಗಿಸಿದ.

ಸ್ಲೋ ಮೋಷನ್‌ನಲ್ಲಿ ನೋಡಿದವರಿಗೆ ಗ್ಲೌಸಿನ ಅರ್ಧ ಗೆರೆಯ ಮೇಲೆ, ಅರ್ಧ ಕೆಳಗೆ ಕಾಣುತ್ತದೆ. ಹತ್ತು ಸಲ ನೋಡಿದರೂ ಜಗಳ ಮುಗಿಯಲ್ಲ. ರೆಫರಿಗೆ ಸಿಕ್ಕಿದ್ದು ಒಂದೇ ಸಲ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಮೂರು ಪಂಗಡ, ಮೂರು ವಾದ

ಮಿರ್ಚಿ-ಒಗ್ಗರಣೆ ಅಂಗಡಿ ಮುಂದೆ ನಾಲ್ಕು ಹುಡುಗರು ಮೊಬೈಲ್ ಹಿಡಿದು ಈ ಪಂದ್ಯದ ತುಣುಕು ನೋಡಿದರೆ ಮಾತು ಹೆಚ್ಚೂ ಕಡಿಮೆ ಹೀಗೇ ಹೋಗುತ್ತದೆ.

“ಏಟು ಮ್ಯಾಲೇ ಬಿದ್ದೈತಣ್ಣ, ರೆಫರಿ ಮುಗಿಸಿಬಿಟ್ಟ ಆ ಹುಡುಗನ ಕತಿ.” ಇದು ಮೊದಲ ಪಂಗಡ. ಇವರ ವಾದದಲ್ಲಿ ಹುರುಳಿದೆ. ಹತ್ತು ಎಣಿಸುವುದರೊಳಗೆ ಉಸಿಕ್ ಏಳುತ್ತಿದ್ದನೋ ಇಲ್ಲವೋ ಯಾರಿಗೂ ಹೇಳೋಕಾಗಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಐದು ನಿಮಿಷ ಇದೆ ಅಂತ ಗೊತ್ತಾದ ಮೇಲೆ ಯಾವ ಬಾಕ್ಸರ್ ಕೂಡ ಅವಸರದಲ್ಲಿ ಏಳುವುದಿಲ್ಲ. ಆದ್ದರಿಂದ ‘ನಾಲ್ಕು ನಿಮಿಷ ಬಿದ್ದಿದ್ದ, ಹಾಗಾಗಿ ಹತ್ತು ಸೆಕೆಂಡಿಗೆ ಏಳುತ್ತಿರಲಿಲ್ಲ’ ಅನ್ನೋ ಲೆಕ್ಕ ಕೂಡುವುದಿಲ್ಲ.

“ಸರಿ, ಅದು ಮ್ಯಾಲೇ ಬಿತ್ತು ಅಂತ ಇಟ್ಕೋ. ಎಂಟನೇ ರೌಂಡಲ್ಲಿ ಬಿದ್ದೋನು ಯಾರು? ಒಂಬತ್ತರಾಗ ಏಳದೇ ಇದ್ದೋನು ಯಾರು?” ಇದು ಎರಡನೇ ಪಂಗಡ. ಇವರೂ ಸುಳ್ಳು ಹೇಳುತ್ತಿಲ್ಲ. ಆ ಏಟು ಬಿಟ್ಟು ಉಳಿದ ಎಲ್ಲ ಸುತ್ತುಗಳಲ್ಲಿ ಉಸಿಕ್ ಮೇಲುಗೈ ಸಾಧಿಸಿದ್ದ. ಅವನು ಎಡಗೈ ಆಟಗಾರ. ಕಾಲಿನ ಚಲನೆಯಿಂದಲೇ ಎದುರಾಳಿಯನ್ನು ತಪ್ಪು ಜಾಗಕ್ಕೆ ತಂದು ನಿಲ್ಲಿಸುತ್ತಾನೆ. ಡುಬ್ವಾಗೆ ಅವತ್ತು ಅದಕ್ಕೆ ಉತ್ತರ ಇರಲಿಲ್ಲ.

ಮೂರನೇ ಪಂಗಡದ್ದು ಬೇರೆ ಮಾತು: “ಅವತ್ತಿನ ಡುಬ್ವಾ ಬ್ಯಾರೆ, ಇವತ್ತಿನ ಡುಬ್ವಾ ಬ್ಯಾರೆ.” ಇದಕ್ಕೂ ಆಧಾರ ಇದೆ. ಸೋತ ಮೇಲೆ ಡುಬ್ವಾ 2023ರ ಡಿಸೆಂಬರ್‌ನಲ್ಲಿ ಜರೆಲ್ ಮಿಲ್ಲರ್‌ನನ್ನು, 2024ರ ಜೂನ್‌ನಲ್ಲಿ ಫಿಲಿಪ್ ಹರ್ಗೊವಿಚ್‌ನನ್ನು ಸೋಲಿಸಿದ. 2024ರ ಸೆಪ್ಟೆಂಬರ್ 21ರಂದು ಇದೇ ವೆಂಬ್ಲಿಯಲ್ಲಿ ಆಂಥನಿ ಜೋಶುವಾನನ್ನು ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಮೂರು ಗೆಲುವೂ ಎದುರಾಳಿಯ ಆಟ ನಿಲ್ಲಿಸಿಯೇ ಬಂದವು. ಆದರೆ ಈ ಮೂವರಲ್ಲಿ ಒಬ್ಬನೂ ಉಸಿಕ್ ಥರ ಆಡುವವನಲ್ಲ. ಅವರು ಎದುರಿಗೆ ಸಿಕ್ಕರು, ಉಸಿಕ್ ಸಿಗುವುದಿಲ್ಲ. ಅದೇ ಈ ಪಂದ್ಯದ ನಿಜವಾದ ಪ್ರಶ್ನೆ.

ಈ ಮರುಪಂದ್ಯ ಹೇಗೆ ಹುಟ್ಟಿತು

ಮೇಲಿನ ಜಗಳ ಕೇಳಿದರೆ ‘ಅನ್ಯಾಯ ಆಗಿತ್ತು, ಅದಕ್ಕೇ ಮತ್ತೆ ಆಡಿಸಿದರು’ ಅಂತ ಅನ್ನಿಸಬಹುದು. ಹಾಗಿಲ್ಲ. ಈ ಪಂದ್ಯ ಹುಟ್ಟಿದ್ದು ಬೆಲ್ಟ್‌ಗಳ ಲೆಕ್ಕಾಚಾರದಿಂದ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕೊಡುವ ಸಂಸ್ಥೆ ಒಂದಲ್ಲ, ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ನಾಲ್ಕೂ ಒಬ್ಬನ ಬಳಿ ಇದ್ದರೆ ಅವನು ನಿರ್ವಿವಾದ ಚಾಂಪಿಯನ್. ಹೆವಿವೇಯ್ಟ್‌ನಲ್ಲಿ ಲೆನಾಕ್ಸ್ ಲೂಯಿಸ್ ನಂತರ ಅಂಥವನು ಒಬ್ಬನೂ ಇರಲಿಲ್ಲ. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಉಸಿಕ್ ಆ ಪಟ್ಟಕ್ಕೇರಿದ.

ಆದರೆ ಆ ಪಂದ್ಯದ ಒಪ್ಪಂದದಲ್ಲೇ ಮರುಪಂದ್ಯದ ಷರತ್ತು ಇತ್ತು. ಫ್ಯೂರಿ ಜೊತೆ ಮತ್ತೆ ಆಡಲೇಬೇಕು. ಇತ್ತ ಐಬಿಎಫ್‌ಗೆ ಅದರದ್ದೇ ನಿಯಮ: ಸರದಿಯಲ್ಲಿ ನಿಂತ ಕಡ್ಡಾಯ ಸವಾಲುಗಾರನ ಜೊತೆ ಮೊದಲು ಆಡು. ಎರಡೂ ಒಟ್ಟಿಗೆ ಆಗಲ್ಲ. ಉಸಿಕ್ ಜೂನ್‌ನಲ್ಲಿ ಐಬಿಎಫ್ ಬೆಲ್ಟ್ ಬಿಟ್ಟುಕೊಟ್ಟ. ಹರ್ಗೊವಿಚ್‌ನನ್ನು ಸೋಲಿಸಿ ಮಧ್ಯಂತರ ಚಾಂಪಿಯನ್ ಆಗಿದ್ದ ಡುಬ್ವಾಗೆ ಪೂರ್ಣ ಪಟ್ಟ ಬಂತು. ಉಸಿಕ್ ಡಿಸೆಂಬರ್ 21ರಂದು ಫ್ಯೂರಿಯನ್ನು ಎರಡನೇ ಸಲವೂ ಸೋಲಿಸಿದ. ಅಂದರೆ ಒಂದು ಮರುಪಂದ್ಯಕ್ಕಾಗಿ ಉಸಿಕ್ ತೆತ್ತ ಬೆಲೆಯೇ ಡುಬ್ವಾ ಕೈಗೆ ಬೆಲ್ಟಾಗಿ ಸೇರಿತು, ಅದೇ ಬೆಲ್ಟು ಇನ್ನೊಂದು ಮರುಪಂದ್ಯಕ್ಕೆ ಕಾರಣವಾಯಿತು.

ವ್ರೊಟ್ಸ್ವಾಫ್‌ನ ಆ ಏಟು ಟಿಕೆಟ್ ಮಾರಲು, ಮಾತು ಬೆಳೆಸಲು ಅನುಕೂಲಕ್ಕೆ ಬಂತು. ಆದರೆ ಡುಬ್ವಾ ಬಳಿ ಆ ನಾಲ್ಕನೇ ಬೆಲ್ಟ್ ಇಲ್ಲದಿದ್ದರೆ ಎಷ್ಟೇ ಅನ್ಯಾಯ ಆಗಿದೆ ಅಂತ ಕೂಗಿದರೂ ವೆಂಬ್ಲಿ ತುಂಬುವ ಪಂದ್ಯ ಸಿಗುತ್ತಿರಲಿಲ್ಲ.

ಹಿಂದಿನ ಮರುಪಂದ್ಯಗಳು ಹೇಳುವುದೇನು

ಮರುಪಂದ್ಯ ಅಂದ ತಕ್ಷಣ ಹಳೆ ಲೆಕ್ಕ ಚುಕ್ತಾ ಆಗುತ್ತೆ ಅಂತ ನಾವು ನಂಬುತ್ತೇವೆ. ಇತಿಹಾಸ ಅಷ್ಟು ನೇರವಾಗಿಲ್ಲ.

2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಆ್ಯಂಡಿ ರೂಯಿಸ್ ಎಂಬ ಗುಂಡು ಮೈಯ ಬಾಕ್ಸರ್ ಏಳನೇ ಸುತ್ತಿನಲ್ಲಿ ಆಂಥನಿ ಜೋಶುವಾನನ್ನು ಸೋಲಿಸಿ ಜಗತ್ತನ್ನೇ ಬೆರಗಾಗಿಸಿದ. ಜೋಶುವಾ ಒಪ್ಪಂದದಲ್ಲಿ ಮರುಪಂದ್ಯದ ಷರತ್ತು ಇತ್ತು. ಆರೇ ತಿಂಗಳಲ್ಲಿ, ಡಿಸೆಂಬರ್ 7ರಂದು ಸೌದಿಯಲ್ಲಿ ಮತ್ತೆ ಆಡಿ ಬೆಲ್ಟ್‌ಗಳನ್ನು ವಾಪಸ್ ಪಡೆದ. ಷರತ್ತು ಬರೆಸಿಕೊಂಡವನಿಗೆ ಎರಡನೇ ಅವಕಾಶ ತಾನಾಗಿ ಬಂತು.

1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಮೈಕ್ ಟೈಸನ್‌ನನ್ನು ಕೆಡವಿದ. ಎಂಟನೇ ಸುತ್ತಿನಲ್ಲಿ ಡಗ್ಲಸ್ ಬಿದ್ದಾಗ ರೆಫರಿ ನಿಧಾನವಾಗಿ ಎಣಿಸಿದರು ಅಂತ ಟೈಸನ್ ಕಡೆಯವರು ಗಲಾಟೆ ಎಬ್ಬಿಸಿದರು. ಅಲ್ಲೂ ಜಗಳ ಸೆಕೆಂಡುಗಳ ಮೇಲೇ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಡಗ್ಲಸ್ ಇವಾಂಡರ್ ಹೋಲಿಫೀಲ್ಡ್‌ಗೆ ಸೋತ. ಟೈಸನ್-ಡಗ್ಲಸ್ ಮರುಪಂದ್ಯ ನಡೆಯಲೇ ಇಲ್ಲ. ಆ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ.

1999ರ ಮಾರ್ಚ್‌ನಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಹೋಲಿಫೀಲ್ಡ್ ಆಡಿದ ಪಂದ್ಯವನ್ನು ಡ್ರಾ ಅಂತ ಘೋಷಿಸಿದರು. ನೋಡಿದವರಲ್ಲಿ ಬಹುಪಾಲು ಜನರಿಗೆ ಲೂಯಿಸ್ ಗೆದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ನವೆಂಬರ್‌ನಲ್ಲಿ ಮರುಪಂದ್ಯ, ಮೂವರೂ ಜಡ್ಜ್‌ಗಳು ಲೂಯಿಸ್‌ಗೇ ಕೊಟ್ಟರು. ತಮಾಷೆ ಏನೆಂದರೆ, ಎರಡನೇ ಪಂದ್ಯವೇ ಹೆಚ್ಚು ಬಿಗಿಯಾಗಿತ್ತು ಅಂತ ಹೇಳುವವರು ಬಹಳ. ಮರುಪಂದ್ಯ ಎರಡನೇ ರಾತ್ರಿಯ ಗೆಲುವನ್ನು ತೀರ್ಮಾನಿಸಿತೇ ಹೊರತು ಮೊದಲ ರಾತ್ರಿಯ ತೀರ್ಪನ್ನು ತಿದ್ದಲಿಲ್ಲ.

ವೆಂಬ್ಲಿಗೂ ಇದೇ ಮಾತು. ಡುಬ್ವಾ ಗೆದ್ದರೂ ವ್ರೊಟ್ಸ್ವಾಫ್‌ನ ಏಟು ಮೇಲೆ ಬಿದ್ದಿತ್ತು ಅಂತ ಸಾಬೀತಾಗಲ್ಲ. ಉಸಿಕ್ ಗೆದ್ದರೂ ಕೆಳಗೆ ಬಿದ್ದಿತ್ತು ಅಂತ ಆಗಲ್ಲ.

ಅಖಾಡದ ಮಣ್ಣು, ಜಡ್ಜ್‌ನ ಕಣ್ಣು

ಸಿರುಗುಪ್ಪ, ಕುರುಗೋಡು ಕಡೆ ಜಾತ್ರೆ ಕುಸ್ತಿ ನೋಡಿ ಬೆಳೆದವರಿಗೆ ಈ ಗೊಂದಲ ವಿಚಿತ್ರ ಅನ್ನಿಸುತ್ತದೆ. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್. ಹಲಗೆ ಬಾರಿಸುವವನಿಂದ ಹಿಡಿದು ಮರ ಹತ್ತಿ ಕೂತ ಹುಡುಗನವರೆಗೂ ಎಲ್ಲರಿಗೂ ಅದು ಕಾಣುತ್ತದೆ. ಬೆಳ್ಳಿ ಕಡಗ ಯಾರಿಗೆ ಅಂತ ಕೇಳಬೇಕಾಗಿಲ್ಲ. ಇಬ್ಬರೂ ಚಿತ್ ಆಗದಿದ್ದರೆ ಸಮಬಲ ಅಂತ ಕೈ ಎತ್ತಿಸಿ ಕಳಿಸುವುದೂ ಉಂಟು.

ಬಾಕ್ಸಿಂಗ್‌ನಲ್ಲೂ ನಾಕೌಟ್ ಅಂದರೆ ಚಿತ್ ಇದ್ದ ಹಾಗೆ, ಎಲ್ಲರಿಗೂ ಕಾಣುತ್ತದೆ. ನಾಕೌಟ್ ಆಗದಿದ್ದಾಗ ಶುರುವಾಗುವುದು ಜಡ್ಜ್‌ಗಳ ಲೆಕ್ಕ. ವೃತ್ತಿಪರ ಪಟ್ಟದ ಪಂದ್ಯದಲ್ಲಿ 12 ಸುತ್ತು, ಮೂವರು ಜಡ್ಜ್. ಪ್ರತಿ ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಒಬ್ಬ ಬಿದ್ದು ಎದ್ದರೆ ಸಾಮಾನ್ಯವಾಗಿ ಅವನಿಗೆ 8. ಅಂಕ ಕೊನೆವರೆಗೂ ಗುಟ್ಟು.

ಇದರಲ್ಲಿ ಒಂದು ಅಂಕ ಎಷ್ಟು ದೊಡ್ಡದು ಅನ್ನೋದಕ್ಕೆ ಉಸಿಕ್-ಫ್ಯೂರಿ ಮೊದಲ ಪಂದ್ಯವೇ ಸಾಕು. ಒಬ್ಬ ಜಡ್ಜ್ ಉಸಿಕ್‌ಗೆ 115-112 ಕೊಟ್ಟರು, ಇನ್ನೊಬ್ಬರು ಉಸಿಕ್‌ಗೆ 114-113, ಮೂರನೆಯವರು ಫ್ಯೂರಿಗೆ 114-113. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತತ್ತರಿಸಿ ಹಗ್ಗಕ್ಕೆ ಒರಗಿದಾಗ ರೆಫರಿ ಎಣಿಸಿದರು, ಹಾಗಾಗಿ ಆ ಸುತ್ತು 10-8. ರೆಫರಿ ಎಣಿಸದೆ ಅದು 10-9 ಆಗಿದ್ದರೆ? ಮೊದಲ ಜಡ್ಜ್ ಉಸಿಕ್‌ಗೆ 115-113, ಎರಡನೆಯವರು 114-114 ಸಮ, ಮೂರನೆಯವರು ಫ್ಯೂರಿಗೆ 115-113. ಪಂದ್ಯ ಡ್ರಾ. ನಿರ್ವಿವಾದ ಚಾಂಪಿಯನ್ ಅನ್ನೋ ಪಟ್ಟ ರೆಫರಿಯ ಒಂದು ಎಣಿಕೆಯ ಮೇಲೆ ನಿಂತಿತ್ತು.

ಒಲಿಂಪಿಕ್ ಬಾಕ್ಸಿಂಗ್ ಇನ್ನೂ ಚಿಕ್ಕದು: ಮೂರು ನಿಮಿಷದ ಮೂರೇ ಸುತ್ತು, ಐವರು ಜಡ್ಜ್. ಗುರಿ ಮುಟ್ಟಿದ ಒಳ್ಳೆ ಏಟುಗಳೆಷ್ಟು, ಆಟದ ಮೇಲೆ ಹಿಡಿತ ಯಾರದ್ದು, ಕೊನೆವರೆಗೂ ಸೆಣಸಿದವರು ಯಾರು ಅಂತ ನೋಡುತ್ತಾರೆ. ಒಂಬತ್ತೇ ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಒಂದು ಸುತ್ತು ಹೋದರೆ ಮೂರನೇ ಒಂದು ಭಾಗ ಹೋಯಿತು.

ಬೆಲ್‌ಗ್ರೇಡ್‌ನಲ್ಲಿ ಗೆಲುವು, ಪ್ಯಾರಿಸ್‌ನಲ್ಲಿ ಸೋಲು

ಈಗ ನಮ್ಮ ಕಡೆಯ ಕತೆಗೆ ಬರೋಣ. ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಸಿಗುವ ತೋರಣಗಲ್ಲಿನ ಹತ್ತಿರ, ವಿಜಯನಗರ ಟೌನ್‌ಶಿಪ್ ಕಡೆ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜೆಎಸ್‌ಡಬ್ಲ್ಯು ಸಮೂಹ 2018ರಲ್ಲಿ ತೆರೆದ ತರಬೇತಿ ಕೇಂದ್ರ ಇದು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ನಲ್ಲಿ ದೇಶದ ಬೇರೆ ಬೇರೆ ಕಡೆಯ ಮಕ್ಕಳು ಇಲ್ಲಿ ಇದ್ದು ಕಲಿಯುತ್ತಾರೆ. ಹರಿಯಾಣದ ಕರ್ನಾಲ್‌ನ ನಿಶಾಂತ್ ದೇವ್ ಹಾಗೆ ಬಂದವರಲ್ಲಿ ಒಬ್ಬ.

2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ಇದೇ ಕೇಂದ್ರದಲ್ಲಿ ನಡೆಯಿತು. ಹೆವಿವೇಯ್ಟ್ ವರ್ಗಗಳಲ್ಲಿ ಸೇನಾ ತಂಡದ ಸಂಜೀತ್ ಮತ್ತು ನರೇಂದರ್ ಚಿನ್ನ ಗೆದ್ದರೆ, 71 ಕೆ.ಜಿ. ವರ್ಗದಲ್ಲಿ ಕರ್ನಾಟಕದ ಪರ ಆಡಿದ ನಿಶಾಂತ್ ಚಿನ್ನ ಗೆದ್ದ. ಚಿನ್ನ ಗೆದ್ದವರಿಗೆ ನೇರವಾಗಿ ಸರ್ಬಿಯಾದ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಟಿಕೆಟ್.

ಬೆಲ್‌ಗ್ರೇಡ್‌ನ ಪ್ರಿ ಕ್ವಾರ್ಟರ್‌ಫೈನಲ್‌ನಲ್ಲಿ ನಿಶಾಂತ್‌ಗೆ ಎದುರಾದವನು ಮೆಕ್ಸಿಕೊದ ಮಾರ್ಕೊ ವೆರ್ದೆ. ನಿಶಾಂತ್ 3-2ರಿಂದ ಗೆದ್ದ. ಐವರಲ್ಲಿ ಒಬ್ಬ ಜಡ್ಜ್ ಆ ಕಡೆ ವಾಲಿದ್ದರೂ ಫಲಿತಾಂಶ ಉಲ್ಟಾ. ಆವತ್ತು ನಮಗೆ ಯಾರಿಗೂ ಜಡ್ಜ್‌ಗಳ ಮೇಲೆ ಅನುಮಾನ ಬರಲಿಲ್ಲ. ಗೆದ್ದಾಗ ಯಾರಿಗೂ ಬರುವುದಿಲ್ಲ.

2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಿಶಾಂತ್ ಕಂಚು ಗೆದ್ದ. 2024ರ ಮಾರ್ಚ್‌ನಲ್ಲಿ ಇಟಲಿಯ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ ಅಮೆರಿಕದ ಒಮಾರಿ ಜೋನ್ಸ್‌ಗೆ ಸೋತು ಕೂದಲೆಳೆಯಲ್ಲಿ ಟಿಕೆಟ್ ತಪ್ಪಿಸಿಕೊಂಡ. ಬ್ಯಾಂಕಾಕ್‌ನಲ್ಲಿ ಇನ್ನೊಂದು ಟೂರ್ನಿ ಇತ್ತು, ಅಲ್ಲಿ ಗೆದ್ದು ಪ್ಯಾರಿಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಪುರುಷ ಬಾಕ್ಸರ್ ಆದ. ಇದನ್ನು ಗಮನಿಸಿ. ಒಮಾರಿ ಜೋನ್ಸ್ ಜೊತೆ ಮತ್ತೆ ಆಡು ಅಂತ ಯಾರೂ ಅವನನ್ನು ಕರೆಯಲಿಲ್ಲ. ಇನ್ನೊಂದು ಬಾಗಿಲು ತೆರೆದಿತ್ತು, ಅದರಲ್ಲಿ ಹೋದ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಎರಡನೇ ಅವಕಾಶ ಅಂದರೆ ಇದೇ: ಮುಂದಿನ ಟೂರ್ನಿ.

2024ರ ಆಗಸ್ಟ್ 3ರ ರಾತ್ರಿ, ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ, ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್. ಎದುರಿಗೆ ಅದೇ ಮಾರ್ಕೊ ವೆರ್ದೆ. ಗೆದ್ದರೆ ಸೆಮಿಫೈನಲ್, ಅಂದರೆ ಕಂಚು ಗ್ಯಾರಂಟಿ, ಯಾಕೆಂದರೆ ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಸಿಗುತ್ತದೆ. ವಿಜೇಂದರ್ ಸಿಂಗ್, ಮೇರಿ ಕೋಮ್, ಲವ್ಲಿನಾ ಬೊರ್ಗೊಹೈನ್ ನಂತರ ನಾಲ್ಕನೇ ಹೆಸರು ಸೇರುತ್ತಿತ್ತು.

ಮೊದಲ ಸುತ್ತು ನಿಶಾಂತ್‌ಗೆ ಬಂತು. ಒಲಿಂಪಿಕ್‌ನಲ್ಲಿ ಪ್ರತಿ ಸುತ್ತಿನ ಅಂಕ ತಕ್ಷಣ ತೋರಿಸುತ್ತಾರೆ, ಹಾಗಾಗಿ ಮುಂದಿದ್ದೇನೆ ಅಂತ ಅವನಿಗೂ ಗೊತ್ತಿತ್ತು, ಹಿಂದಿದ್ದೇನೆ ಅಂತ ವೆರ್ದೆಗೂ ಗೊತ್ತಿತ್ತು. ಕೊನೆಗೆ ಫಲಿತಾಂಶ 4-1, ವೆರ್ದೆ ಗೆದ್ದ. ಭಾರತದಲ್ಲಿ ಆಕ್ರೋಶ ಎದ್ದಿತು. ಅಂಕ ಕೊಡುವ ಪದ್ಧತಿ ಅರ್ಥವಾಗಲಿಲ್ಲ ಅನ್ನುವ ಧಾಟಿಯಲ್ಲಿ ವಿಜೇಂದರ್ ಕೂಡ ಬರೆದರು. ವೆರ್ದೆ ಮುಂದೆ ಫೈನಲ್ ತಲುಪಿ ಬೆಳ್ಳಿ ಗೆದ್ದ.

ಈ ಎರಡು ಪಂದ್ಯಗಳನ್ನು ಪಕ್ಕದಲ್ಲಿಟ್ಟು ನೋಡಿ. ಲೆಕ್ಕಕ್ಕೆ ಹೇಳುವುದಾದರೆ 1-1. ಹೆವಿವೇಯ್ಟ್ ಆಗಿದ್ದರೆ ಮೂರನೇ ಪಂದ್ಯಕ್ಕೆ ಪ್ರಮೋಟರ್‌ಗಳು ಮರುದಿನವೇ ಪೋಸ್ಟರ್ ಬರೆಸುತ್ತಿದ್ದರು. ಇಲ್ಲಿ ಪೋಸ್ಟರ್ ಇಲ್ಲ, ಷರತ್ತಿಲ್ಲ. ಮೊದಲ ಪಂದ್ಯವೂ ಚೀಟಿ ಎತ್ತಿದಾಗ ಬಂದದ್ದು, ಎರಡನೆಯದೂ ಹಾಗೇ ಬಂದದ್ದು.

ಉಸಿಕ್ ಕೂಡ ನಾಲ್ಕು ವರ್ಷ ಕಾದಿದ್ದ

ಇಲ್ಲಿ ಉಸಿಕ್‌ನ ಹಳೆ ಕತೆಯೊಂದು ನೆನಪಿಸಿಕೊಳ್ಳಬೇಕು. 2008ರ ಬೀಜಿಂಗ್ ಒಲಿಂಪಿಕ್‌ನಲ್ಲಿ 21ರ ಹುಡುಗ ಉಸಿಕ್ ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ಕ್ಲೆಮೆಂತೆ ರುಸ್ಸೊಗೆ ಸೋತ. ಥೇಟ್ ನಿಶಾಂತ್ ಸೋತ ಘಟ್ಟವೇ. ಪದಕ ಒಂದು ಮೆಟ್ಟಿಲು ದೂರದಲ್ಲಿ ಉಳಿಯಿತು. ನಾಲ್ಕು ವರ್ಷ ಕಾದ. 2012ರ ಲಂಡನ್ ಒಲಿಂಪಿಕ್ ಫೈನಲ್‌ನಲ್ಲಿ ಎದುರಿಗೆ ಬಂದವನು ಅದೇ ರುಸ್ಸೊ. ಉಸಿಕ್ 14-11ರಿಂದ ಗೆದ್ದು ಚಿನ್ನ ತೊಟ್ಟ.

ಇವತ್ತು ಒಪ್ಪಂದದಲ್ಲಿ ಮರುಪಂದ್ಯದ ಷರತ್ತು ಬರೆಸುವ ಉಸಿಕ್‌ಗೆ ಮೊದಲ ಮರುಪಂದ್ಯ ಸಿಕ್ಕಿದ್ದು ಕಾಯುವಿಕೆಯಿಂದ ಮತ್ತು ಅದೃಷ್ಟದಿಂದ. ಆದರೆ ಕಾಯುವುದಕ್ಕೂ ಒಂದು ಆಧಾರ ಬೇಕು. ನಾಲ್ಕು ವರ್ಷದ ನಂತರ ಬಾಕ್ಸಿಂಗ್ ಇರುತ್ತೆ ಅನ್ನೋ ಖಾತ್ರಿ ಬೇಕು. ಉಸಿಕ್‌ಗೆ ಅದಿತ್ತು.

ನಿಶಾಂತ್ ಪ್ಯಾರಿಸ್‌ನಲ್ಲಿ ಸೋತಾಗ ಆ ಖಾತ್ರಿ ಇರಲಿಲ್ಲ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2023ರಲ್ಲೇ ಹಳೆಯ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆ ರದ್ದು ಮಾಡಿತ್ತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್‌ನಲ್ಲಿ ಬಾಕ್ಸಿಂಗ್ ಇರುತ್ತದೆ ಅಂತ ತೀರ್ಮಾನ ಆಗಿದ್ದು 2025ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲೇ, ಜನವರಿ 25ರಂದು, ನಿಶಾಂತ್ ಮ್ಯಾಚ್‌ರೂಮ್ ಎಂಬ ಪ್ರಮೋಟರ್ ಕಂಪನಿಯ ಜೊತೆ ಲಾಸ್ ವೇಗಸ್‌ನಲ್ಲಿ ವೃತ್ತಿಪರ ರಿಂಗ್‌ಗೆ ಇಳಿದು ಮೊದಲ ಸುತ್ತಿನಲ್ಲೇ ಗೆದ್ದ. ಮೇ 3ರಂದು ರಿಯಾದ್‌ನಲ್ಲಿ ವೆರ್ದೆ ಕೂಡ ವೃತ್ತಿಪರನಾದ, ಅವನೂ ಮೊದಲ ಸುತ್ತಿನಲ್ಲೇ ಮುಗಿಸಿದ. ನಿಶಾಂತ್ ಆಡುವುದು ಸುಮಾರು 70 ಕೆ.ಜಿ. ಮಿತಿಯಲ್ಲಿ, ವೆರ್ದೆ ಶುರು ಮಾಡಿದ್ದು ಅದಕ್ಕಿಂತ ಭಾರದ ವರ್ಗದಲ್ಲಿ. ಇಬ್ಬರೂ ಮೇಲೇರಿ, ತೂಕ ಹೊಂದಿ, ಟಿಕೆಟ್ ಮಾರಾಟವಾಗುತ್ತೆ ಅಂತ ಯಾರಿಗಾದರೂ ಅನ್ನಿಸಿದರೆ ಮಾತ್ರ ಮೂರನೇ ಪಂದ್ಯ. ಆಗ ಅದಕ್ಕೂ ಷರತ್ತು, ಪೋಸ್ಟರ್ ಎಲ್ಲ ಇರುತ್ತದೆ.

ಹಾಗಾದರೆ ಕೇಳಬೇಕಾದ್ದು ಏನು

ಒಟ್ಟಿನಲ್ಲಿ ಮರುಪಂದ್ಯ ಮೂರು ದಾರಿಯಲ್ಲಿ ಬರುತ್ತದೆ. ಜೋಶುವಾ ಥರ ಬರೆಸಿಕೊಂಡರೆ ಬರುತ್ತದೆ. ಡುಬ್ವಾ ಥರ ಇನ್ನೊಬ್ಬನಿಗೆ ಬೇಕಾದ ಬೆಲ್ಟ್ ಕೈಲಿದ್ದರೆ ಬರುತ್ತದೆ. 2012ರ ಉಸಿಕ್ ಥರ ಕಾದರೆ, ಚೀಟಿ ಕೈ ಹಿಡಿದರೆ ಬರುತ್ತದೆ. ಅನ್ಯಾಯ ಆಗಿದೆ ಅನ್ನೋದೊಂದೇ ಕಾರಣಕ್ಕೆ ಬರುವ ನಾಲ್ಕನೇ ದಾರಿ ಮಾತ್ರ ಈ ಆಟದಲ್ಲಿ ಇಲ್ಲ.

ಆದ್ದರಿಂದ ಪ್ಯಾರಿಸ್ ತೀರ್ಪಿನ ಮೇಲೆ ಕೋಪ ಮಾಡಿಕೊಂಡು ಕೂರುವುದರಿಂದ ಮುಂದಿನ ಹುಡುಗನಿಗೆ ಪ್ರಯೋಜನ ಕಡಿಮೆ. ಅವನಿಗೆ ಬೇಕಿರೋದು ಹೆಚ್ಚು ಟೂರ್ನಿ. ಇಟಲಿಯಲ್ಲಿ ಸೋತ ನಿಶಾಂತ್‌ಗೆ ಬ್ಯಾಂಕಾಕ್ ಇದ್ದ ಹಾಗೆ, ಜಿಲ್ಲಾ ಮಟ್ಟದಲ್ಲಿ ಸೋತ ಕುರುಗೋಡಿನ ಹುಡುಗಿಗೆ, ಸಿರುಗುಪ್ಪದ ಹುಡುಗನಿಗೆ ಅದೇ ವರ್ಷ ಇನ್ನೊಂದು ಸ್ಪರ್ಧೆ ಇರಬೇಕು. ಹಾಗೆ ಟೂರ್ನಿ ನಡೆಸಬೇಕಾದ ವ್ಯವಸ್ಥೆ 2025ರಲ್ಲಿ ಏನು ಮಾಡಿತು? ರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ ಚುನಾವಣೆ ಕೋರ್ಟಿನ ಬಾಗಿಲಿಗೆ ಹೋಗಿ ನಿಂತಿತು. ಏಪ್ರಿಲ್‌ನಲ್ಲಿ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆಯೇ ಮಧ್ಯಂತರ ಸಮಿತಿ ನೇಮಿಸಬೇಕಾಯಿತು. ದೊಡ್ಡವರ ಈ ಜಗಳದಲ್ಲಿ ಒಂದು ಟೂರ್ನಿ ಮುಂದಕ್ಕೆ ಹೋದರೂ ಯಾರದ್ದೋ ಎರಡನೇ ಅವಕಾಶ ಹೋಯಿತು ಅಂತಲೇ ಅರ್ಥ. ವಯಸ್ಸಿನ ವರ್ಗಗಳಲ್ಲಿ ಆಡುವ ಮಕ್ಕಳಿಗಂತೂ ಹೋದ ವರ್ಷ ಮತ್ತೆ ಬರುವುದಿಲ್ಲ.

ಎರಡನೆಯದು ಜಡ್ಜ್‌ಗಳ ವಿಷಯ. ಬಾಕ್ಸಿಂಗ್‌ನಲ್ಲಿ ಅಭಿಪ್ರಾಯ ಇದ್ದೇ ಇರುತ್ತದೆ, ತೆಗೆದುಹಾಕೋಕಾಗಲ್ಲ. ಆದರೆ ಯಾವ ಜಡ್ಜ್ ಯಾವ ಸುತ್ತನ್ನು ಯಾರಿಗೆ ಕೊಟ್ಟರು ಅಂತ ಜಿಲ್ಲಾ ಪಂದ್ಯದಲ್ಲೂ ಹಾಳೆ ಬರೆದು ಗೋಡೆಗೆ ಅಂಟಿಸಬಹುದು. ಇದಕ್ಕೆ ದುಡ್ಡು ಬೇಕಾಗಿಲ್ಲ. ಸೋತವನಿಗೆ ತಾನು ಎಲ್ಲಿ ಸೋತೆ ಅಂತ ಗೊತ್ತಾಗುತ್ತದೆ, ಕೋಚ್‌ಗೆ ಏನು ತಿದ್ದಬೇಕು ಅಂತ ಗೊತ್ತಾಗುತ್ತದೆ, ಜಡ್ಜ್‌ಗೂ ನಾಳೆ ಕೇಳುವವರಿದ್ದಾರೆ ಅನ್ನೋ ಎಚ್ಚರ ಇರುತ್ತದೆ.

ಆ ಪಂದ್ಯ ನೋಡುವವರಿಗೆ

ಪಂದ್ಯ ನೋಡುವವರು ಮೂರು ವಿಷಯ ಗಮನಿಸಿ. ಒಂದು, ಮೊದಲ ಮೂರು ಸುತ್ತಿನಲ್ಲಿ ಡುಬ್ವಾನ ಜಾಬ್ ಉಸಿಕ್ ಮುಖ ಮುಟ್ಟುತ್ತಿದೆಯಾ. ಜೋಶುವಾ ವಿರುದ್ಧ ಅವನಿಗೆ ದಾರಿ ಮಾಡಿಕೊಟ್ಟಿದ್ದು ಅದೇ. ಎರಡು, ಉಸಿಕ್‌ನ ಮುಂಗಾಲು ಎಲ್ಲಿದೆ. ಅದು ಡುಬ್ವಾನ ಮುಂಗಾಲಿನ ಹೊರಗಡೆ ಇದ್ದರೆ ಆಟ ಉಸಿಕ್‌ನ ಹಿಡಿತದಲ್ಲಿದೆ ಅಂತ ತಿಳಿಯಿರಿ. ಮೂರು, ಹೊಟ್ಟೆಯ ಏಟು. ಡುಬ್ವಾ ಅದನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ಅದು ಗೆರೆಯ ಹತ್ತಿರ ಬಿದ್ದಾಗ ರೆಫರಿ ಕೈ ಎತ್ತ ಹೋಗುತ್ತದೆ ನೋಡಿ.

ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಪ್ರತಿ ಸುತ್ತು ಮುಗಿದ ತಕ್ಷಣ, ಕಾಮೆಂಟರಿ ಕೇಳುವ ಮೊದಲೇ, 10-9 ಯಾರಿಗೆ ಅಂತ ನೀವೇ ಬರೆಯಿರಿ. ಜೊತೆಗಿದ್ದವರೂ ಬರೆಯಲಿ. ನಾಕೌಟ್ ಆಗದೆ ಹನ್ನೆರಡು ಸುತ್ತು ಮುಗಿದರೆ ಹಾಳೆಗಳನ್ನು ಹೋಲಿಸಿ. ಒಂದೇ ಮನೆಯ ಮೂವರ ಲೆಕ್ಕ ಕೂಡ ಒಂದೇ ಥರ ಬರುವುದು ಅಪರೂಪ.